ಇಲಿ ಬಿದ್ದ ಸುದ್ದಿ ಯಾರಿಗೆ ಮುಟ್ಟಿತು?

ಬೇಲೂರೆಂದರೆ ಬಸ್ಸಿಳಿದು ಬರುವವರಿಗೆ ಕಲ್ಲಿನ ಹೆಣ್ಣುಗಳ ಊರು. ಹಳೇಬೀಡೆಂದರೆ ಆನೆ ಕುದುರೆಗಳ ಸಾಲು. ಈ ಸೀಮೆಯ ಇತಿಹಾಸ ಬರೆದವರಿಗೆ ಕಲ್ಲು ಕಂಡಷ್ಟು ಜನ ಕಂಡಿಲ್ಲ. ನಾವು ಇಲ್ಲಿ ಹೇಳಹೊರಟಿರುವುದು ಕಲ್ಲಿನ ಮಾತಲ್ಲ, ಸಾವಿನ ಮಾತು. ಸಾವು ಬರುತ್ತಿದೆ ಎಂಬ ಸುದ್ದಿ ಮೊದಲು ಯಾರ ಕಣ್ಣಿಗೆ ಬಿತ್ತು, ಯಾರ ಮೇಜಿಗೆ ಹೋಯಿತು, ಹೋದ ಮೇಲೆ ಏನಾಯಿತು ಎಂಬ ಮಾತು.

ಬೇಲೂರು, ಅರಸೀಕೆರೆ ತಾಲ್ಲೂಕುಗಳ ಹಳೆಯ ಗ್ರಾಮಪಟ್ಟಿ ತೆಗೆದು ನೋಡಿ. ಕೆಲವು ಹೆಸರುಗಳ ಮುಂದೆ ‘ಬೇಚರಾಕ್’ ಎಂದು ಬರೆದಿರುತ್ತದೆ. ಪಾರಸಿಯ ಬೇ-ಚಿರಾಗ್ ನಮ್ಮ ಶಾನುಭೋಗರ ಬಾಯಲ್ಲಿ ಹೀಗಾಯಿತು. ದೀಪವಿಲ್ಲದ್ದು ಎಂದು ಅರ್ಥ. ಸರ್ವೆ ನಂಬರು ಇದೆ, ಎಲ್ಲೆಕಲ್ಲು ಇದೆ, ಕಂದಾಯವೂ ಉಂಟು. ಸಂಜೆ ದೀಪ ಹಚ್ಚುವವರಿಲ್ಲ. ಎಲ್ಲ ಬೇಚರಾಕು ಊರುಗಳೂ ರೋಗದಿಂದಲೇ ಹಾಳಾದವು ಎಂದು ನಾವು ಹೇಳುವುದಿಲ್ಲ. ಕೆರೆ ಒಡೆದು ಬಿಟ್ಟವುಂಟು, 1876-78ರ ಬರಕ್ಕೆ ಬಿಟ್ಟವುಂಟು. ಆ ಬರದಲ್ಲಿ ಮೈಸೂರು ಸಂಸ್ಥಾನದ ಐದರಲ್ಲೊಂದು ಪಾಲು ಜನ ಹೋದರು. ಆದರೆ ಯಾವ ಊರಿನ ಅಜ್ಜಿಯನ್ನೇ ಕೇಳಿ, “ಮಾರಿ ಬಂತು, ಊರು ಬಿಟ್ರು” ಅನ್ನುತ್ತಾಳೆ. ಆ ಮಾರಿಗೆ ಇಂಗ್ಲಿಷಿನ ಹೆಸರೂ ಸೇರಿ ಎಷ್ಟೋ ಕಡೆ ಪ್ಲೇಗಮ್ಮನಾಗಿ ಗುಡಿ ಕಟ್ಟಿಸಿಕೊಂಡಿದ್ದಾಳೆ.

ಪ್ಲೇಗು ನಮ್ಮ ನಾಡಿಗೆ ರೈಲಿನಲ್ಲಿ ಬಂತು. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯಲ್ಲಿ ಕಂಡಿತು. 1897ರ ಫೆಬ್ರವರಿಯಲ್ಲಿ ಬ್ರಿಟಿಷರು ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದರು. ಆ ಪುಟಾಣಿ ಕಾಯ್ದೆ 2020ರಲ್ಲಿ ಮತ್ತೆ ಪೆಟ್ಟಿಗೆಯಿಂದ ಹೊರಬಂದದ್ದನ್ನು ನಾವೆಲ್ಲ ಕಂಡೆವು. ಮುಂಬಯಿಯಿಂದ ಧಾರವಾಡ-ಹುಬ್ಬಳ್ಳಿಗೆ, ಹುಬ್ಬಳ್ಳಿಯಿಂದ ಹರಿಹರ, ಬೀರೂರು, ಅರಸೀಕೆರೆ, ತಿಪಟೂರು, ತುಮಕೂರುಗಳ ದಾರಿ ಹಿಡಿದ ರೈಲು 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ರೋಗವನ್ನು ಇಳಿಸಿತು. ಬೆಂಗಳೂರಿನಲ್ಲಿ ಇಕ್ಕಟ್ಟು ಬಿಡಿಸಲೆಂದು ಬಸವನಗುಡಿ, ಮಲ್ಲೇಶ್ವರಗಳ ಬಡಾವಣೆ ಎದ್ದವು. ವಿ.ಪಿ. ಮಾಧವರಾಯರು ಪ್ಲೇಗ್ ಕಮಿಷನರಾದರು. ಇದು ಪಠ್ಯಪುಸ್ತಕದಲ್ಲಿ ಸಿಕ್ಕುತ್ತದೆ. ಅರಸೀಕೆರೆಯ ಗೂಡ್ಸ್ ಷೆಡ್ಡಿನಲ್ಲಿ ಮೂಟೆ ಹೊತ್ತವನ ಮನೆಗೆ ಏನಾಯಿತೆಂಬುದು ಸಿಕ್ಕುವುದಿಲ್ಲ.

ಈಗ ನಮ್ಮ ಮುಖ್ಯ ಮಾತಿಗೆ ಬರೋಣ. ಪ್ಲೇಗಿಗೆ ಒಂದು ಮುನ್ಸೂಚನೆ ಇತ್ತು. ಅದನ್ನು ಕಂಡುಹಿಡಿದದ್ದು ಯಾವ ಕಾಲೇಜೂ ಅಲ್ಲ. ಅಟ್ಟದಿಂದ ಇಲಿ ತೂರಾಡುತ್ತ ಬಂದು ಅಂಗಳದಲ್ಲಿ ಗಿರಗಿರನೆ ಸುತ್ತಿ ಬಿದ್ದು ಸತ್ತರೆ, ಊರು ಬಿಡಬೇಕು. ಇಷ್ಟೇ. “ಇಲಿ ಬಿದ್ದಾವೆ ಕಣ್ರಪ್ಪೋ” ಎಂದರೆ ಮರುದಿನ ಹೊಲದಲ್ಲಿ ಗುಡಿಸಲು ಏಳುತ್ತಿತ್ತು. ಹಿಮಾಲಯದ ತಪ್ಪಲಿನ ಗಢವಾಲದ ಜನರೂ ಇದನ್ನೇ ಮಾಡುತ್ತಿದ್ದರು. ಹತ್ತೊಂಬತ್ತನೇ ಶತಮಾನದ ಬ್ರಿಟಿಷ್ ವೈದ್ಯರೇ ಅದನ್ನು ಬರೆದಿಟ್ಟಿದ್ದಾರೆ. ಇಲಿ ಸಾಯತೊಡಗಿದ ಮೇಲೆ ಮನುಷ್ಯರಿಗೆ ಕಾಯಿಲೆ ಬರಲು ಸುಮಾರು ಎರಡು ವಾರ ಹಿಡಿಯುತ್ತದೆ ಎಂದು ಮುಂದೆ ಪ್ಲೇಗ್ ಸಂಶೋಧಕರು ಲೆಕ್ಕ ಹಾಕಿದರು. ಎರಡು ವಾರ ಅಂದರೆ ಏನು ಕಮ್ಮಿಯೇ? ಗುಡಿಸಲು ಕಟ್ಟಲು, ರಾಗಿ ಸಾಗಿಸಲು, ಮುದುಕರನ್ನು ಗಾಡಿಗೆ ಹತ್ತಿಸಲು ಸಾಕು. ಮುನ್ಸೂಚನೆಯ ಬೆಲೆ ಇರುವುದೇ ಇಲ್ಲಿ. ಅದು ಎಷ್ಟು ಚೆಂದ ಹೇಳಿತು ಎಂಬುದರಲ್ಲಿ ಅಲ್ಲ, ಹೇಳಿದ ಮೇಲೆ ಕೈಕಾಲು ಆಡಿಸಲು ಎಷ್ಟು ದಿನ ಕೊಟ್ಟಿತು ಎಂಬುದರಲ್ಲಿ.

ಸಂಸ್ಥಾನದ ದೊಡ್ಡವರು ಇದನ್ನು ನಂಬಿದರೇ? 1898ರಲ್ಲಿ ಪಾಲ್-ಲೂಯಿ ಸಿಮೋಂಡ್ ಎಂಬ ಫ್ರೆಂಚ್ ವೈದ್ಯ, ಇಲಿಯ ಮೈಮೇಲಿನ ಚಿಗಟವೇ ರೋಗ ದಾಟಿಸುತ್ತದೆ ಎಂದು ಇದೇ ದೇಶದಲ್ಲಿ ಪ್ರಯೋಗ ಮಾಡಿ ತೋರಿಸಿದ. ಸರಕಾರ ಕೂರಿಸಿದ್ದ ಪ್ಲೇಗ್ ಕಮಿಷನ್ನು ಅದನ್ನು ತಳ್ಳಿಹಾಕಿತು. ಕೊಳಕೇ ಕಾರಣ, ಕೊಳಕರೇ ಕಾರಣ ಎಂಬ ನಂಬಿಕೆ ಅಷ್ಟು ಗಟ್ಟಿಯಾಗಿತ್ತು. ಮನೆಯ ಸಾಮಾನು ಬೀದಿಗೆಸೆದು ಗೋಡೆಗೆ ಸುಣ್ಣ ಹೊಡೆದರು, ರೈಲಿನಿಂದ ಇಳಿದವರ ಬಗಲು ಮುಟ್ಟಿ ನೋಡಿದರು. ಇಲಿ ಪಾಡಿಗೆ ಇಲಿ ಓಡಾಡಿಕೊಂಡಿತ್ತು. 1905ರಿಂದ ಮುಂದೆ ಇನ್ನೊಂದು ತಂಡ ಮುಂಬಯಿಯಲ್ಲಿ ಪ್ರಯೋಗ ನಡೆಸಿ, ಸಿಮೋಂಡ್ ಹೇಳಿದ್ದು ಸರಿ ಎಂದಿತು. ಅಷ್ಟರಲ್ಲಿ ಲಕ್ಷಗಟ್ಟಲೆ ಜನ ಮಣ್ಣಾಗಿದ್ದರು.

ಆದರೆ ಊರು ಬಿಡುವ ಈ ಜಾಣತನವನ್ನು ಹೊಗಳುತ್ತಾ ಕೂರುವುದೂ ನಮ್ಮಿಂದಾಗದು. ಊರು ಬಿಟ್ಟವರು ಯಾರು? ಹೊಲ ಇದ್ದವರು ಹೊಲಕ್ಕೆ ಹೋದರು. ಹೊಲ ಇಲ್ಲದವನು ಎಲ್ಲಿಗೆ ಹೋಗಬೇಕು? ಜೀತಕ್ಕಿದ್ದವನು ಧಣಿಯ ಹಟ್ಟಿ ಕಾಯಬೇಕು, ಬಿಟ್ಟುಹೋದ ಊರಿನ ಮನೆಗಳಿಗೆ ಕಾವಲಿರಬೇಕು. ಸತ್ತ ದನ ಎಳೆಯುವವನಿಗೆ, ಸತ್ತ ಮನುಷ್ಯನಿಗೆ ಗುಂಡಿ ತೋಡುವವನಿಗೆ ಪ್ಲೇಗಿನ ಕಾಲದಲ್ಲೇ ಕೆಲಸ ಜಾಸ್ತಿ. ಒಂದೇ ಇಲಿ, ಒಂದೇ ಮುನ್ಸೂಚನೆ. ಊರಿಗೆ ಅದು ಬದುಕುವ ದಾರಿ, ಕೇರಿಗೆ ಸುಮ್ಮನೆ ಕಾಯುವ ಸಂಕಟ. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಓದಿದವರಿಗೆ ನೆನಪಿರಬಹುದು: ಅಗ್ರಹಾರದಲ್ಲಿ ಇಲಿ ಬೀಳುತ್ತವೆ, ಕೇರಿಯಲ್ಲಿ ಹೆಣದ ಸಮೇತ ಗುಡಿಸಲು ಸುಡುತ್ತಾರೆ, ಅಗ್ರಹಾರದ ಚರ್ಚೆ ಮಾತ್ರ ಒಂದು ಹೆಣಕ್ಕೆ ಯಾರು ಬೆಂಕಿ ಇಡಬೇಕೆಂಬುದರ ಸುತ್ತ. ಆ ಕಾದಂಬರಿಯ ಮೇಲೆ ಎಷ್ಟೋ ವಿಮರ್ಶೆ ಬಂದಿದೆ. ಕೇರಿಯ ಆ ಹೊಗೆ ಒಂದು ಎಚ್ಚರಿಕೆಯಾಗಿತ್ತು ಎಂದು ಓದಿದವರು ಎಷ್ಟು ಜನ?

ಇನ್ನೂ ಒಂದು ವಿಷಯವಿದೆ. ಹಳೆಯ ಮೈಸೂರಿನ ಹಳ್ಳಿಯಲ್ಲಿ ಹುಟ್ಟುಸಾವಿನ ಲೆಕ್ಕ ಬರೆಸುವ ಹೊಣೆ ಪಟೇಲನದು. ಆದರೆ ಪಟೇಲ ಮನೆಮನೆಗೆ ಹೋಗಿ ಹೆಣ ಎಣಿಸುತ್ತಿರಲಿಲ್ಲ. ಯಾರ ಮನೆಯಲ್ಲಿ ಯಾರು ಸತ್ತರೆಂದು ಅವನ ಜಗುಲಿಯ ಕೆಳಗೆ ನಿಂತು ಹೇಳುತ್ತಿದ್ದವನು ತೋಟಿ, ತಳವಾರ. ಅಲ್ಲಿಂದ ಅದು ತಾಲ್ಲೂಕಿಗೆ, ಜಿಲ್ಲೆಗೆ, ಹುಜೂರಿಗೆ ಹೋಗಿ ಅಂಕಿಅಂಶವಾಗುತ್ತಿತ್ತು. ಮೇಲಿನಿಂದ ಹುಕುಂ ಬಂದಾಗ, “ಸೂಜಿ ಹಾಕಿಸ್ಕಳಿ, ಊರು ಬಿಡಿ” ಎಂದು ತಮಟೆ ಬಡಿದು ಡಂಗುರ ಸಾರಿದವರೂ ಕೇರಿಯವರೇ. ಸುದ್ದಿ ಹೊತ್ತವರು ನಾವು, ಹುಕುಂ ಸಾರಿದವರು ನಾವು. ನಡುವೆ ಒಂದು ಕೋಣೆ ಇತ್ತಲ್ಲ, ಸುದ್ದಿಯನ್ನು ಹುಕುಂ ಮಾಡುವ ಕೋಣೆ, ಅಲ್ಲಿ ಮಾತ್ರ ನಮಗೆ ಚಾಪೆ ಇರಲಿಲ್ಲ. ಜಗುಲಿಯ ಕೆಳಗೆ ನಿಂತು ಹೇಳುವವನ ಕೇರಿಯ ಸಾವು ಆ ಪುಸ್ತಕದಲ್ಲಿ ಎಷ್ಟು ಏರಿತು, ಎಷ್ಟು ಬಿಟ್ಟುಹೋಯಿತು ಎಂಬುದನ್ನು ಓದುಗರೇ ಊಹಿಸಲಿ. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ತೆಗೆದುಹಾಕುವ ಕಾಯ್ದೆ ಬರಲು 1961 ಆಗಬೇಕಾಯಿತು.

ಈ ಅಂಕಿಗಳು ಎಲ್ಲಿಯವರೆಗೆ ಹೋದವು ಗೊತ್ತೇ? ಇವತ್ತು ಯಾವ ದೇಶದಲ್ಲಿ ಸಾಂಕ್ರಾಮಿಕದ ಗಣಿತ ಕಲಿಸಿದರೂ ಮೊದಲು ಹೇಳುವ ಹೆಸರು ಕರ್ಮ್ಯಾಕ್ ಮತ್ತು ಮೆಕೆಂಡ್ರಿಕ್ ಅವರದು. ಮೆಕೆಂಡ್ರಿಕ್ ಹಿಮಾಲಯದ ಕಸೌಲಿಯಲ್ಲಿ ಸರಕಾರಿ ವೈದ್ಯನಾಗಿದ್ದವನು. 1927ರಲ್ಲಿ ಇಬ್ಬರೂ ಎಡಿನ್‌ಬರೋದಿಂದ ಒಂದು ಪ್ರಬಂಧ ಪ್ರಕಟಿಸಿದರು. ಜನರನ್ನು ಮೂರು ಗುಂಪು ಮಾಡಿ: ರೋಗ ಇನ್ನೂ ತಗಲದವರು, ತಗಲಿದವರು, ವಾಸಿಯಾದವರು ಅಥವಾ ಸತ್ತವರು. ಒಂದು ಗುಂಪಿನಿಂದ ಇನ್ನೊಂದಕ್ಕೆ ಎಷ್ಟು ಬೇಗ ಜಾರುತ್ತಾರೆಂದು ಸಮೀಕರಣ ಬರೆಯಿರಿ. ಗಂಟೆಯಾಕಾರದ ಒಂದು ಗೆರೆ ಬರುತ್ತದೆ. ಆ ಗೆರೆ ನಿಜವೇ ಎಂದು ಪರೀಕ್ಷಿಸಲು ಅವರು ಬಳಸಿದ್ದು 1905ರ ಡಿಸೆಂಬರಿನಿಂದ 1906ರ ಜುಲೈವರೆಗೆ ಮುಂಬಯಿಯಲ್ಲಿ ವಾರವಾರ ಪ್ಲೇಗಿಗೆ ಸತ್ತವರ ಸಂಖ್ಯೆ. ಗೆರೆಯೂ ಚುಕ್ಕಿಗಳೂ ಅಚ್ಚುಕಟ್ಟಾಗಿ ಕೂತವು. ಲೋಕದ ಪಠ್ಯಪುಸ್ತಕಗಳೆಲ್ಲ ಆ ಚಿತ್ರವನ್ನು ಅಚ್ಚುಹಾಕಿದವು. ಆ ಒಂದೊಂದು ಚುಕ್ಕಿಯೂ ಮುಂಬಯಿಯ ಚಾಳುಗಳ ಕೂಲಿಕಾರರು. ಗಿರಣಿಗೆ ಹೋದ ಕೊಂಕಣದವರು, ಹಲಾಲಖೋರರು, ನಮ್ಮ ಹಾಗೇ ಹಳ್ಳಿ ಬಿಟ್ಟವರು.

ಗೆರೆ ಚೆಂದ ಕೂತಿತು, ನಿಜ. ಆದರೆ ಅದು ಮುಂದಿನದನ್ನು ಹೇಳಿತೇ? ಆ ಗೆರೆಯ ಪ್ರಕಾರ ರೋಗ ಏರಿ, ಇಳಿದು, ಮುಗಿಯಬೇಕು. ಮುಂಬಯಿಯ ಪ್ಲೇಗು ಮುಗಿಯಲಿಲ್ಲ. ವರ್ಷವರ್ಷವೂ ಅದೇ ಚಳಿಗಾಲ-ಬೇಸಿಗೆಯ ನಡುವೆ ಮತ್ತೆ ಬಂತು. ಇಡೀ ದೇಶದಲ್ಲಿ ಅತಿ ಹೆಚ್ಚು ಜನ ಪ್ಲೇಗಿಗೆ ಸತ್ತದ್ದು 1907ರಲ್ಲಿ, 13 ಲಕ್ಷ. ಇಲಿ ಮತ್ತು ಚಿಗಟದ ಋತುಮಾನ ಆ ಸಮೀಕರಣದಲ್ಲಿ ಇರಲಿಲ್ಲ. ಪ್ಲೇಗು ಇಲಿಯಿಂದ ಬರುವ ರೋಗ, ತಮ್ಮ ಲೆಕ್ಕ ಅಂದಾಜಿನದು ಎಂದು ಅವರೇ ಒಪ್ಪಿಕೊಂಡಿದ್ದರು. ಪಠ್ಯಪುಸ್ತಕದವರು ಚಿತ್ರ ಇಟ್ಟುಕೊಂಡು ಆ ಮಾತು ಬಿಟ್ಟರು. ಆಗಿಹೋದದ್ದಕ್ಕೆ ಗೆರೆ ಹೊಂದಿಸುವುದೇ ಬೇರೆ, ಆಗಲಿರುವುದನ್ನು ಹೇಳುವುದೇ ಬೇರೆ. ವಿದ್ಯಾರ್ಥಿ ಗೆಳೆಯರು ಇದೊಂದನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಅಂಗಳದಲ್ಲಿ ಬಿದ್ದ ಇಲಿ ನೋಡಿ ಗಂಟು ಕಟ್ಟಿದ ಹೆಂಗಸಿನ ಲೆಕ್ಕ, ಆ ಒಂದು ವಿಷಯದಲ್ಲಾದರೂ, ಎಡಿನ್‌ಬರೋದ ಲೆಕ್ಕಕ್ಕಿಂತ ಮುಂದಿತ್ತು.

ಹಾಗೆಂದು ಗಣಿತವೇ ಸುಳ್ಳೆಂದು ನಾವು ಹೇಳುತ್ತಿಲ್ಲ. ಗಣಿತ ನಮ್ಮ ಕಡೆಗೂ ನಿಲ್ಲಬಲ್ಲದು. 1908ರಲ್ಲಿ ಪಂಜಾಬಿನಲ್ಲಿ ಮಲೇರಿಯಾ ಎದ್ದು ಎರಡು ಮೂರು ತಿಂಗಳಲ್ಲಿ ಲಕ್ಷಾಂತರ ಜನ ಸತ್ತರು. ಎಸ್.ಆರ್. ಕ್ರಿಸ್ಟೋಫರ್ಸ್ ಎಂಬ ವೈದ್ಯ ಹಿಂದಿನ ನಲವತ್ತು ವರ್ಷದ ಲೆಕ್ಕ ತೆಗೆದು ನೋಡಿದ. 1911ರ ವರದಿಯಲ್ಲಿ ಅವನು ಹೇಳಿದ್ದು: ಮಳೆ ಒಂದೇ ಸಾಲದು, ಧಾನ್ಯದ ಧಾರಣೆಯನ್ನೂ ನೋಡಬೇಕು. ಧಾರಣೆ ಏರಿ ಬಡವರ ಹೊಟ್ಟೆ ಒಣಗಿದ ವರ್ಷ ಭಾರಿ ಮಳೆ ಬಿದ್ದರೆ, ಆ ವರ್ಷವೇ ಜ್ವರ ಸಾವಾಗುತ್ತದೆ. ಹಸಿವೇ ಲೆಕ್ಕದ ಒಂದು ಅಂಕಿ! 1920ರ ದಶಕದಲ್ಲಿ ಸಿ.ಎ. ಗಿಲ್ ಇದೇ ದಾರಿಯಲ್ಲಿ ಪಂಜಾಬಿಗೆ ಮಲೇರಿಯಾದ ಮುನ್ಸೂಚನೆ ಸಿದ್ಧಪಡಿಸಿದ. ನಮ್ಮ ಬೇಲೂರಿನ ಪಕ್ಕದ ಮೂಡಿಗೆರೆಯಲ್ಲಿ 1920ರ ದಶಕದ ಕೊನೆಗೆ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಸಂಶೋಧನೆಯ ಕೇಂದ್ರ ತೆರೆದರು, ನಾಗೇನಹಳ್ಳಿ ಮತ್ತು ಹಿರಿಯೂರಿನ ಜತೆಗೆ. ಸೊಳ್ಳೆಯ ಜಾತಿ ಎಣಿಸಿದರು, ಮಕ್ಕಳ ಗುಲ್ಮ ಮುಟ್ಟಿ ಅಳೆದರು. ಒಳ್ಳೆಯ ಕೆಲಸವೇ. ಬಯಲುಸೀಮೆಯಿಂದ ಕಾಫಿ ತೋಟಕ್ಕೆ ಹೋಗಿ ಮಲೆನಾಡಿನ ಜ್ವರ ಹೊತ್ತು ತಂದ ಕೂಲಿಯವನ ಕೂಲಿ ಎಷ್ಟು, ಸೇರು ರಾಗಿಗೆ ಎಷ್ಟು ಎಂಬ ಕಾಲಮ್ಮು ಮಾತ್ರ ಬರಬರುತ್ತಾ ವಿಜ್ಞಾನದ ಪುಸ್ತಕಗಳಿಂದ ಸವೆದುಹೋಯಿತು. ಸೊಳ್ಳೆಗೆ ಔಷಧಿ ಹೊಡೆಯಬಹುದು. ಧಾರಣೆ ಇಳಿಸು ಎಂದರೆ ಸರಕಾರಕ್ಕೆ ಕಷ್ಟ.

ಯುಗಾದಿಯ ದಿನ ಜೋಯಿಸರು ಪಂಚಾಂಗ ಓದುತ್ತಾರೆ. ಈ ವರ್ಷ ಮಳೆ ಇಷ್ಟು ಕೊಳಗ, ರೋಗಬಾಧೆ ಇಷ್ಟು. ಕೇಳಿ, ಬೇವುಬೆಲ್ಲ ತಿಂದು ಎದ್ದುಬರುತ್ತಾರೆ. ಮುಂದಿನ ಯುಗಾದಿಗೆ ಹಳೆಯ ಪಂಚಾಂಗ ತೆಗೆದು “ಸ್ವಾಮಿ, ಹೋದ ವರ್ಷ ಹೇಳಿದ್ದು ಎಷ್ಟಾಯ್ತು?” ಎಂದು ಕೇಳಿದವರನ್ನು ನಾವು ಕಂಡಿಲ್ಲ. ರೋಗದ ಗಣಿತ ಜೋಯಿಸಿಕೆ ಆಗಬಾರದೆಂದಿದ್ದರೆ ಆ ಹಳೆಯ ಪಂಚಾಂಗವನ್ನು ತೆಗೆಯಲೇಬೇಕು. ಅಮೆರಿಕದಲ್ಲಿ ಕೋವಿಡ್ ಕಾಲದಲ್ಲಿ ಹಾಗೆ ತೆಗೆದರು. ಹತ್ತಾರು ತಂಡಗಳು ವಾರವಾರ ಕೊಟ್ಟ ಸಾವಿನ ಮುನ್ಸೂಚನೆಗಳನ್ನು ಒಂದೆಡೆ ಕೂಡಿಟ್ಟು, ಆಮೇಲೆ ನಿಜವಾಗಿ ಸತ್ತವರ ಲೆಕ್ಕದೊಡನೆ ಹೋಲಿಸಿ 2022ರಲ್ಲಿ ಪ್ರಕಟಿಸಿದರು. “ಹೋದ ವಾರದ ಹಾಗೇ ಈ ವಾರವೂ” ಎಂಬ ಕಣ್ಣುಮುಚ್ಚಿದ ಊಹೆಯೂ ಆ ಪೈಪೋಟಿಯಲ್ಲಿತ್ತು. ಅದನ್ನು ಗೆದ್ದವು ಮೂರರಲ್ಲಿ ಎರಡು ಪಾಲು ಮಾದರಿಗಳು ಮಾತ್ರ. ಉಳಿದವು ದೊಡ್ಡ ಕಂಪ್ಯೂಟರಿಟ್ಟುಕೊಂಡೂ ಸೋತವು. ಎಲ್ಲರ ಊಹೆ ಕೂಡಿಸಿ ತೆಗೆದ ಊಹೆ ಬಿಡಿಬಿಡಿ ಪಂಡಿತರಿಗಿಂತ ನಂಬಿಕಸ್ತವಾಗಿತ್ತು. ವಾರಗಳು ದೂರವಾದಷ್ಟೂ ತಪ್ಪು ಬೆಳೆಯಿತು.

ನಮ್ಮಲ್ಲಿ? 2020ರ ಅಕ್ಟೋಬರಿನಲ್ಲಿ ಕೇಂದ್ರದ ವಿಜ್ಞಾನ ಇಲಾಖೆ ಕೂರಿಸಿದ್ದ ಗಣಿತಜ್ಞರ ಸಮಿತಿ, ರೋಗ ಶಿಖರ ದಾಟಿತು, ಎಚ್ಚರಿಕೆಯಿಂದಿದ್ದರೆ ಫೆಬ್ರವರಿಗೆ ಹೆಚ್ಚುಕಡಿಮೆ ಮುಗಿಯಬಹುದು ಎಂದಿತು. ಅವರು ಇಟ್ಟ ‘ಎಚ್ಚರಿಕೆಯಿಂದಿದ್ದರೆ’ ಎಂಬ ಷರತ್ತು ದೆಹಲಿ ತಲುಪುವಷ್ಟರಲ್ಲಿ ಉದುರಿಹೋಗಿ, ‘ಮುಗಿಯಿತು’ ಎಂಬುದಷ್ಟೇ ಉಳಿಯಿತು. 2021ರ ಏಪ್ರಿಲ್ ಆರಂಭದಲ್ಲಿ ಅದೇ ಮಾದರಿ, ಎರಡನೇ ಅಲೆ ತಿಂಗಳ ಮೂರನೇ ವಾರದಲ್ಲಿ ದಿನಕ್ಕೆ ಸುಮಾರು 1 ಲಕ್ಷಕ್ಕೆ ನಿಲ್ಲುತ್ತದೆ ಎಂದಿತು. ಮೇ ಮೊದಲ ವಾರದಲ್ಲಿ ದಿನಕ್ಕೆ 4 ಲಕ್ಷ ದಾಟಿತು. ತಮ್ಮ ಲೆಕ್ಕ ತಪ್ಪಿತೆಂದು ಅವರು ಬಹಿರಂಗವಾಗಿ ಒಪ್ಪಿಕೊಂಡರು. ಅಷ್ಟರ ಮಟ್ಟಿಗೆ ಜೋಯಿಸರಿಗಿಂತ ಮೇಲು.

ಕರ್ನಾಟಕದ ಕತೆ ಬೇರೆ. ಡಾ. ಎಂ.ಕೆ. ಸುದರ್ಶನ್ ಅಧ್ಯಕ್ಷರಾಗಿದ್ದ ರಾಜ್ಯದ ತಾಂತ್ರಿಕ ಸಲಹಾ ಸಮಿತಿ 2020ರ ನವೆಂಬರ್ ಕೊನೆಗೇ ಬರೆದು ಕೊಟ್ಟಿತ್ತು: ಜನವರಿ-ಫೆಬ್ರವರಿಯಲ್ಲಿ ಎರಡನೇ ಅಲೆ ಬರಬಹುದು, ಹಾಸಿಗೆ, ವೆಂಟಿಲೇಟರು ಸಿದ್ಧವಿಡಿ, ವರ್ಷದ ಕೊನೆಯ ಜಾತ್ರೆ-ಸಂಭ್ರಮ ತಡೆಯಿರಿ. ಡಿಸೆಂಬರ್ 23ಕ್ಕೆ ಸರಕಾರ ರಾತ್ರಿ ಕರ್ಫ್ಯೂ ಘೋಷಿಸಿತು, 24ಕ್ಕೆ ಹಿಂತೆಗೆದುಕೊಂಡಿತು. ಅಲೆ ಹೇಳಿದ ತಿಂಗಳಿಗೆ ಬರಲಿಲ್ಲ, ಮಾರ್ಚ್ ಕೊನೆಗೆ ಬಂತು. ಆ ನಡುವಿನ ತಿಂಗಳುಗಳಲ್ಲಿ “ನೋಡಿದ್ರಾ, ಏನೂ ಆಗ್ಲಿಲ್ಲ” ಎಂಬ ಮಾತು ವಿಧಾನಸೌಧದಿಂದ ಟೀ ಅಂಗಡಿಯವರೆಗೂ ಓಡಾಡಿತು. ಏಪ್ರಿಲ್ 17ರಂದು ಬೆಳಗಾವಿ, ಮಸ್ಕಿ, ಬಸವಕಲ್ಯಾಣಗಳಲ್ಲಿ ಉಪಚುನಾವಣೆ ನಡೆಯಿತು. ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಕ್ಸಿಜನ್ ತೀರಿತು. ಸರಕಾರದ ಬಾಯಲ್ಲಿ ಬಂದ ಸಂಖ್ಯೆ 24. ಹೈಕೋರ್ಟು ನೇಮಿಸಿದ ಸಮಿತಿ ಎಣಿಸಿದ್ದು 36.

ಎರಡು ತಿಂಗಳು ತಪ್ಪಿದ ಆ ಎಚ್ಚರಿಕೆಯನ್ನು ನಾವು ಸರಿಯಾದ ಎಚ್ಚರಿಕೆ ಎಂದೇ ಎಣಿಸುತ್ತೇವೆ. ಯಾಕೆಂದರೆ ತಪ್ಪುಗಳಲ್ಲಿ ಎರಡು ಜಾತಿ. ಬರುತ್ತದೆ ಎಂದು ಬಾರದಿದ್ದರೆ ಖಾಲಿ ಹಾಸಿಗೆಯ ಖರ್ಚು, ಮಂತ್ರಿಗೆ ಮುಜುಗರ. ಬರುವುದಿಲ್ಲ ಎಂದು ಬಂದರೆ ಹೆಣ. ಮಾದರಿಯನ್ನು ತೂಗುವವರು ಎರಡನ್ನೂ ಒಂದೇ ತಕ್ಕಡಿಯಲ್ಲಿ ಸಮ ಮಾಡಿ ಇಡುತ್ತಾರೆ. ಇಡಬಾರದು. ಆದರೆ ಲಾಕ್‌ಡೌನಿನ ಮಾತು ಬಂದಾಗ ತಕ್ಕಡಿ ಮತ್ತೆ ತಿರುಗುತ್ತದೆ. ಸುಳ್ಳು ಎಚ್ಚರಿಕೆಗೆ ಮನೆಯಲ್ಲಿ ಕೂರುವುದು ಸಂಬಳದವನಿಗೆ ರಜೆ, ದಿನಗೂಲಿಯವನಿಗೆ ಉಪವಾಸ. ಹಾಗಾಗಿ ಈ ತೂಕ ಹಾಕುವ ಕೆಲಸ ಗಣಿತದವರದ್ದೇ ಅಲ್ಲ. ಯಾರಿಗೆ ಏನು ನಷ್ಟವೆಂದು ಬಲ್ಲವರು ಅಲ್ಲಿ ಕೂರಬೇಕು. ಲೆಕ್ಕಕ್ಕೆ ಹಾಕುವ ಅಂಕಿಯೂ ನೆಟ್ಟಗಿರಬೇಕು. 2020 ಮತ್ತು 2021ರಲ್ಲಿ ಭಾರತದಲ್ಲಿ 47 ಲಕ್ಷ ಹೆಚ್ಚುವರಿ ಸಾವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅಂದಾಜಿಸಿತು. ಸರಕಾರದ ಪುಸ್ತಕದಲ್ಲಿ ಸುಮಾರು 4.8 ಲಕ್ಷ. ಸರಕಾರ ಆ ಅಂದಾಜನ್ನು ಒಪ್ಪಲಿಲ್ಲ. ಪಟೇಲನ ಜಗುಲಿ ನೆನಪಾಗದೆ ಇರುತ್ತದೆಯೇ?

ಕೊನೆಗೊಂದು ಬೇರೆ ಬಗೆಯ ಉದಾಹರಣೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದವು, ಹಿಂದೆಯೇ ಜನ ಸತ್ತರು. ಮಂಗನ ಕಾಯಿಲೆ. ದಾಟಿಸುವುದು ಉಣುಗು. ಪ್ಲೇಗಿಗೆ ಇಲಿ ಹೇಗೋ ಇದಕ್ಕೆ ಮಂಗ ಹಾಗೆ. 1982-83ರಲ್ಲಿ ಬೆಳ್ತಂಗಡಿಯ ನಿಡ್ಲೆಯಲ್ಲಿ ಗೇರು ತೋಟಕ್ಕೆಂದು ಕಾಡು ಕಡಿದಾಗ ಸಾವಿರಕ್ಕೂ ಮೀರಿ ಜನಕ್ಕೆ ಹತ್ತಿತು. ಬಹುಕಾಲ ಲಸಿಕೆ ಹಾಕುತ್ತಿದ್ದದ್ದು ಮಂಗ ಸತ್ತ ಮೇಲೆ, ಜನಕ್ಕೆ ಜ್ವರ ಬಂದ ಮೇಲೆ, ಅದರ ಸುತ್ತಳತೆಯಲ್ಲಿ. ಇತ್ತೀಚೆಗೆ ದೇಶ ವಿದೇಶದ ಸಂಶೋಧಕರು ಆರೋಗ್ಯ, ಪಶುಪಾಲನೆ, ಅರಣ್ಯ ಇಲಾಖೆಯವರ ಜೊತೆ ಕೂತು, “ನಿಮಗೆ ತಿಳಿಯಬೇಕಾದ್ದೇನು?” ಎಂದು ಮೊದಲು ಕೇಳಿದರು. ಎಷ್ಟು ಜನಕ್ಕೆ ಬರುತ್ತದೆ ಎಂಬುದಕ್ಕಿಂತ, ಯಾವ ಊರಿಗೆ ಮೊದಲು ಹೋಗಬೇಕು ಎಂಬುದೇ ಅವರಿಗೆ ಬೇಕಿತ್ತು. 2014ರಿಂದ 2018ರವರೆಗಿನ ರೋಗಿಗಳ ಲೆಕ್ಕದಿಂದ ನಕ್ಷೆ ಮಾಡಿದರು. ನಿತ್ಯಹಸಿರು ಕಾಡೂ ನೆಡುತೋಪೂ ಬೆರೆತ ಕಡೆ, ನಾಟಿ ದನ ಹೆಚ್ಚಿರುವ ಕಡೆ ಅಪಾಯ ಜಾಸ್ತಿ ಎಂದು ಬಂತು. ಅಷ್ಟಕ್ಕೇ ಬಿಡದೆ, 2018ರ ಕೊನೆಗೆ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಎದ್ದ ರೋಗದ ಮೇಲೆ ಆ ನಕ್ಷೆಯನ್ನಿಟ್ಟು ನೋಡಿದರು. ಲೆಕ್ಕಕ್ಕೆ ಸೇರದಿದ್ದ ಆ ವರ್ಷದ ಊರುಗಳನ್ನೂ ನಕ್ಷೆ ಚೆನ್ನಾಗಿಯೇ ಗುರುತಿಸಿತ್ತು. 2020ರಲ್ಲಿ ಪ್ರಕಟವಾದ ಈ ಕೆಲಸವನ್ನು ನಾವು ಮೆಚ್ಚುತ್ತೇವೆ. ಹಳೆಯ ಪಂಚಾಂಗ ತೆಗೆದು ನೋಡುವುದೆಂದರೆ ಇದು. 2022ರಲ್ಲಿ ಹಳೆಯ ಲಸಿಕೆಯ ಶಕ್ತಿ ಸಾಲದೆಂದು ಹಾಕುವುದನ್ನೇ ನಿಲ್ಲಿಸಿದರು. ಮುನ್ಸೂಚನೆ ಕೈಗೆ ಬಂದಾಗ ಔಷಧಿ ಕೈಬಿಟ್ಟಿತು.

ಆದರೆ ಆ ಕೂಟದಲ್ಲಿ ಕೂತವರೂ ಇಲಾಖೆಯವರೇ. ಕಾಡಿನಲ್ಲಿ ಸತ್ತ ಮಂಗವನ್ನು ಮೊದಲು ಕಾಣುವವರು ದರಗು ಬಾಚಲು ಹೋದ ಹೆಂಗಸು, ದನ ಬಿಟ್ಟ ಹುಡುಗ. ಅವರು ಆಶಾ ಕಾರ್ಯಕರ್ತೆಗೆ ಹೇಳುತ್ತಾರೆ, ಆಕೆ ಪುಸ್ತಕದಲ್ಲಿ ಬರೆದು ಮೇಲಕ್ಕೆ ಕಳಿಸುತ್ತಾಳೆ. ಪುಸ್ತಕ ಮೇಲಕ್ಕೆ ಹೋಗುವ ದಾರಿ ಚೆನ್ನಾಗಿದೆ. ಬೇಲೂರು, ಸಕಲೇಶಪುರ, ಮೂಡಿಗೆರೆಯ ತೋಟದ ಲೈನುಗಳಲ್ಲಿ ಇರುವವರಿಗೆ, ಅರಸೀಕೆರೆ ಕಡೆಯಿಂದ ಕೊಯ್ಲಿಗೆ ಬಂದವರಿಗೆ ಆ ನಕ್ಷೆಯಂಥದ್ದು ಕನ್ನಡದಲ್ಲಿ, ಪಂಚಾಯಿತಿ ಗೋಡೆಯ ಮೇಲೆ, ಹೋದ ವರ್ಷ ಹೇಳಿದ್ದೆಷ್ಟು ಆದದ್ದೆಷ್ಟು ಎಂಬ ಎರಡು ಸಾಲಿನ ಸಮೇತ ಕಾಣಬೇಕು. ಗ್ರಾಮಸಭೆಯಲ್ಲಿ ಮೇಷ್ಟ್ರುಗಳು ಇದನ್ನು ಕೇಳಬಹುದು. ಕೇಳುವಾಗ ಆ ಹೆಂಗಸನ್ನೂ ಹುಡುಗನನ್ನೂ ಸಭೆಗೆ ಕರೆದುಕೊಂಡು ಹೋಗಲಿ.